ಬಸ್ಸಕ್ಕನ ಕೋಳಿ ಸೂಪು

ಬೀದಿಯವರಿಗೆಲ್ಲ ಅವಳು ಬಸ್ಸಕ್ಕ. ಊರಿನ ಈ ತುದಿಯ ಮಾರುಕಟ್ಟೆಯಿಂದ ಆ ತುದಿಯ ರೈಲು ನಿಲ್ದಾಣದವರೆಗೆ ಓಡುವ ಬಸ್ಸಿಗೆ ಅವಳೇ ಡ್ರೈವರು. ಕೈ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಅಡ್ಡ ಬಂದ ಲಾರಿಯವನಿಗೆ ಕಿಟಕಿಯಿಂದ ತಲೆ ಹೊರಹಾಕಿ ಅವಳು ಹೇಳುತ್ತಿದ್ದ ಮಾತುಗಳನ್ನು ಪ್ರಯಾಣಿಕರು ಮನೆಗೆ ಹೋಗಿ ಹೇಳಿಕೊಂಡು ನಗುತ್ತಿದ್ದರು. ಅಂಥವಳನ್ನು ಒಂದು ಪಾತ್ರೆ ಸೂಪು ಮೂಲೆಗೆ ಕೂರಿಸಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಆದದ್ದು ಹಾಗೆಯೇ.

ಆ ಸೂಪು ಅವಳ ಅತ್ತೆಯದು, ಅತ್ತೆಗೆ ಅವರ ತಾಯಿಯಿಂದ ಬಂದದ್ದು. ಮೂಳೆ ಸಮೇತ ಕೋಳಿ, ಕ್ಯಾರೆಟ್ಟು, ಆಲೂಗಡ್ಡೆ, ಎಲೆಕೋಸು, ಒಂದು ಹಿಡಿ ಬಾರ್ಲಿ, ಸಣ್ಣ ಉರಿ, ದೊಡ್ಡ ತಾಳ್ಮೆ. ಇಷ್ಟೇ ತಾನೆ ಎಂದುಕೊಂಡು ಮಾಡಲು ಹೋದ ನೆರೆಹೊರೆಯವರೆಲ್ಲ ಕೊನೆಗೆ ಬಟ್ಟಲು ಹಿಡಿದು ಈ ಮನೆಯ ಬಾಗಿಲಿಗೇ ಬಂದಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದರು. ಕಲಿಸಿದ್ದು ಎಂದರೆ ಮುದ್ದು ಮಾಡಿ ಅಲ್ಲ. ತಪ್ಪಿದಾಗಲೆಲ್ಲ ಸೌಟಿನ ಹಿಡಿಯಿಂದ ಮೊಣಕೈಗೆ ಒಂದು ತಟ್ಟು. ಒಂದು ದಿನ ತಟ್ಟುವುದು ನಿಂತಿತು. ಅಂದೇ ಅತ್ತೆ ಸೌಟನ್ನು ಅವಳ ಕೈಗೆ ಕೊಟ್ಟು, "ಇನ್ನು ನೀನುಂಟು, ಒಲೆ ಉಂಟು" ಎಂದು ಹೊರಗೆ ಬಿಸಿಲಿಗೆ ಹೋಗಿ ಕೂತರು. ಅಲ್ಲಿಂದ ಮುಂದೆ ಪ್ರತಿ ರಜೆಯ ದಿನ ಆ ಮನೆಯಲ್ಲಿ ಬಸ್ಸಕ್ಕನ ಸೂಪು.

ಹೋದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರವೇನೋ ಬಂದ ದಾರಿಯಲ್ಲೇ ಹೋಯಿತು. ಹೋಗುವಾಗ ಮೂಗನ್ನು ಕಟ್ಟಿಕೊಂಡು ಹೋಯಿತು. ಮೂಗು ಇದ್ದಲ್ಲೇ ಇತ್ತು, ಕೆಲಸ ಬಿಟ್ಟಿತ್ತು. ಬೆಳ್ಳುಳ್ಳಿ ಜಜ್ಜಿದರೂ ಇಲ್ಲ, ಸೋಪು ಹಿಡಿದರೂ ಇಲ್ಲ, ಡೀಸೆಲ್ಲೂ ಇಲ್ಲ. ಡಾಕ್ಟರು ಟಾರ್ಚು ಹಾಕಿ ನೋಡಿ, "ವಾಸನೆ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದು ಎರಡೂ ದಡಕ್ಕೆ ಕಾಲಿಟ್ಟರು. ಡಿಪೋದಲ್ಲಿ ಕಂಡಕ್ಟರು ಮಾತ್ರ, "ಪುಣ್ಯ ಮಾಡಿದ್ದೀರಿ ಬಿಡಿ, ಬೇಸಿಗೆಯಲ್ಲಿ ತುಂಬಿದ ಬಸ್ಸಿಗೆ ಮೂಗಿಲ್ಲದಿರೋದೇ ವರ" ಎಂದ. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಮೊದಲ ಅವಮಾನ ನಾದಿನಿಯ ಮುಂದೆಯೇ ಆಯಿತು. ನಾದಿನಿ ತನ್ನ ಅತ್ತೆ ಮಾವನನ್ನು ಕರೆದುಕೊಂಡು ಊಟಕ್ಕೆ ಬಂದಿದ್ದಳು. ಬಸ್ಸಕ್ಕ ಸೂಪು ಮಾಡಿದಳು, ರುಚಿ ನೋಡಿದಳು. ನಾಲಗೆಗೆ ಬಿಸಿ ತಾಗಿತು, ಉಪ್ಪು ತಾಗಿತು, ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ. ಏನೋ ಕಡಿಮೆಯಾಗಿದೆ ಅನ್ನಿಸಿ ಇನ್ನೊಂದು ಚಿಟಿಕೆ ಉಪ್ಪು ಹಾಕಿದಳು. ಮತ್ತೆ ನೋಡಿದಳು, ಮತ್ತೆ ಹಾಕಿದಳು. ನಾದಿನಿಯ ಮಾವ ಮೊದಲ ಚಮಚ ಬಾಯಿಗಿಟ್ಟವರು ನುಂಗಲೂ ಆಗದೆ ಉಗುಳಲೂ ಆಗದೆ ಕಿಟಕಿಯ ಕಡೆ ನೋಡುತ್ತ ಕೂತರು. ಪಾತ್ರೆಗೆ ಪಾತ್ರೆಯೇ ಸಿಂಕಿನ ಪಾಲಾಯಿತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆಮೇಲೆ ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿತ್ತು. ಅವಳು ಹಿಂದಿನ ಅಂಗಳದಲ್ಲಿ ಬಟ್ಟೆ ಹರವಿ ಒಳಗೆ ಬಂದು, ಒಲೆ ಆರಿದೆಯಲ್ಲ ಎಂದು ಬೆಂಕಿಪೊಟ್ಟಣ ತೆಗೆದಳು. ಅಷ್ಟರಲ್ಲಿ ವಾರಗಿತ್ತಿ ಬಾಗಿಲಲ್ಲಿ ಚೀರಿ, ಓಡಿ ಬಂದು ಕೈಯಿಂದ ಕಡ್ಡಿ ಕಿತ್ತುಕೊಂಡಳು. ಇಡೀ ಅಡುಗೆಮನೆ ಗ್ಯಾಸಿನಿಂದ ತುಂಬಿತ್ತು. ಗೀರಿದ್ದರೆ ಇಬ್ಬರೂ ಇರುತ್ತಿರಲಿಲ್ಲ.

ಅಂದಿನಿಂದ ಒಲೆ ವಾರಗಿತ್ತಿಯದಾಯಿತು. ಮೈದುನನ ಹೆಂಡತಿ, ವಯಸ್ಸಿನಲ್ಲಿ ಚಿಕ್ಕವಳು, ಕೆಟ್ಟವಳಲ್ಲ. "ಅಕ್ಕ, ನೀವು ದುಡಿದು ಬರ್ತೀರ, ಕೂತ್ಕೊಳ್ಳಿ. ಒಲೆ ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಮುಳ್ಳಿಗೆ ಬೆಲ್ಲ ಸವರಿದರೆ ಮುಳ್ಳು ಚುಚ್ಚುವುದನ್ನು ಬಿಡುತ್ತದೆಯೇ? ಬಸ್ಸಕ್ಕ ಮಾತ್ರ ಒಂದು ಮಾತೂ ಆಡಲಿಲ್ಲ. ಆಡುವ ಬಾಯಿ ಇತ್ತು, ಆಡುವ ಮುಖ ಇರಲಿಲ್ಲ. ಆ ಬೆಂಕಿಕಡ್ಡಿ ಅವಳ ಕನಸಿಗೂ ಬರುತ್ತಿತ್ತು. ಕೆಲಸದಿಂದ ಬಂದವಳು ತಟ್ಟೆ ಮುಂದೆ ಕೂತು, ಹಾಕಿದ್ದನ್ನು ಉಂಡು, ತೊಳೆದಿಟ್ಟು ಏಳುವುದು. ಅವಳ ಗಂಡ ಪೇಟೆಯಲ್ಲಿ ಬೀಗ ರಿಪೇರಿ ಮಾಡುವವನು, ಸಿಕ್ಕಿಹಾಕಿಕೊಂಡ ಬೀಗವನ್ನು ಕಿವಿಗಿಟ್ಟು ಕೇಳಿ ತೆರೆಯುವವನು. ಹೆಂಡತಿಯ ಬಾಯಿಗೆ ಬಿದ್ದ ಬೀಗ ಮಾತ್ರ ಅವನಿಂದಲೂ ತೆರೆಯಲಾಗಲಿಲ್ಲ.

ಹೀಗೆ ಒಂದು ವರ್ಷ ತಿರುಗಿತು. ಮತ್ತೆ ಚಳಿ ಬಂತು, ಚಳಿಯ ಜೊತೆ ಜ್ವರವೂ ಬೀದಿ ಹೊಕ್ಕಿತು. ಮೊದಲು ಅತ್ತೆ ಮಲಗಿದರು. ಅವರು ಏಳುವ ಮೊದಲೇ ಮೈದುನ, ಅವನ ಹಿಂದೆ ಗಂಡ, ಕೊನೆಗೆ ವಾರಗಿತ್ತಿ. ಮನೆ ತುಂಬ ಕೆಮ್ಮು, ಕಷಾಯದ ಲೋಟ, ಒದ್ದೆ ಕರವಸ್ತ್ರ. ಬಸ್ಸಕ್ಕನ ಹತ್ತಿರ ಮಾತ್ರ ಜ್ವರ ಸುಳಿಯಲಿಲ್ಲ. "ಹೋದ ಸಲ ತಗೊಂಡು ಹೋಗಬೇಕಾದ್ದನ್ನೆಲ್ಲ ತಗೊಂಡು ಹೋಗಿದೆ, ಈ ಸಲ ನನ್ನ ಹತ್ತಿರ ಏನಿದೆ ಅಂತ ಬರುತ್ತೆ" ಎಂದು ಅವಳೇ ಅಂದುಕೊಂಡಳು. ಡಿಪೋಗೆ ಫೋನು ಮಾಡಿ ರಜೆ ಹೇಳಿದಳು.

ಅತ್ತೆಯ ಜ್ವರ ಇಳಿದಿತ್ತು, ಕಟ್ಟಿದ ಮೂಗೂ ಬಿಟ್ಟಿತ್ತು. ಆದರೆ ಊಟ ಸೇರುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏನು ಕೊಟ್ಟರೂ ಕೈಯಿಂದ ತಳ್ಳುತ್ತಿದ್ದರು. ಡಾಕ್ಟರು ಬಂದು ಕೈ ಹಿಡಿದು ನೋಡಿ, ಹೊರಗೆ ಬಂದು, "ಹೊಟ್ಟೆಗೆ ಏನಾದರೂ ಹೋಗಲೇಬೇಕು. ಇವತ್ತು ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಿ, ಮೂಗಿಗೆ ನಳಿಕೆ ಹಾಕ್ತಾರೆ" ಎಂದರು. ಬಸ್ಸಕ್ಕ ಹೋಟೆಲಿಗೆ ಓಡಿ ಕೋಳಿ ಸೂಪು ಕಟ್ಟಿಸಿಕೊಂಡು ಬಂದಳು. ಅತ್ತೆ ಒಂದು ಚಮಚ ಬಾಯಿಗೆ ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡೇ, "ಬಿಸಿನೀರಿಗೆ ಕೋಳಿ ಕಥೆ ಹೇಳಿ ಇಳಿಸಿದ್ದಾರೆ" ಎಂದು ಮತ್ತೆ ಗೋಡೆಯ ಕಡೆ ತಿರುಗಿದರು.

ಬಸ್ಸಕ್ಕ ಹಾಸಿಗೆಯ ಪಕ್ಕ ನಿಂತು ನೋಡಿದಳು. ಅತ್ತೆಯ ಬೆನ್ನಿನ ಮೂಳೆ ಸೀರೆಯ ಮೇಲಿಂದಲೇ ಎಣಿಸುವ ಹಾಗಿತ್ತು. ಸೌಟಿನ ಹಿಡಿಯಿಂದ ತಟ್ಟುತ್ತಿದ್ದ ಆ ಕೈ ಈಗ ಹೊದಿಕೆಯ ಅಂಚನ್ನು ಹಿಡಿದುಕೊಳ್ಳಲೂ ಆಗದೆ ಬಿದ್ದಿತ್ತು. ಅವಳು ಚೀಲ ತೆಗೆದುಕೊಂಡು ಮೆಟ್ಟಿಲು ಇಳಿದಳು.

ಕೋಳಿ ಅಂಗಡಿಯವನು ಅವಳನ್ನು ಕಂಡು ಮಚ್ಚು ಕೆಳಗಿಟ್ಟ. "ಬಸ್ಸಕ್ಕ, ನಮ್ಮನ್ನ ಮರೆತೇ ಬಿಟ್ರಿ ಅಂದ್ಕೊಂಡೆ."

"ಮರೆತಿಲ್ಲ. ಮೊಟ್ಟೆ ಇಟ್ಟು ಸಾಕಾದ ಹಳೇ ಕೋಳಿ ಇದ್ದರೆ ಕೊಡು. ಕತ್ತು, ಕಾಲು ಎಲ್ಲ ಇರಲಿ. ಈಗ ಕೊಯ್ದದ್ದೇ ಆಗಬೇಕು, ನನ್ನ ಕಣ್ಣ ಮುಂದೇನೇ."

"ಯಾಕಕ್ಕ, ನನ್ನ ಮೇಲೆ ಅನುಮಾನಾನಾ?"

"ನಿನ್ನ ಮೇಲಲ್ಲಪ್ಪ, ನನ್ನ ಮೂಗಿನ ಮೇಲೆ."

ತರಕಾರಿಯನ್ನು ಅವಳು ಕೈಯಿಂದ ಆರಿಸಿದಳು. ಕ್ಯಾರೆಟ್ಟನ್ನು ಬಗ್ಗಿಸಿ ನೋಡಿದಳು, ಎಲೆಕೋಸನ್ನು ಹಿಂಡಿ ಅದು ಕಿರುಗುಟ್ಟುವುದನ್ನು ಕೇಳಿದಳು, ಆಲೂಗಡ್ಡೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದಳು. ಮನೆಗೆ ಬಂದು ಅಡುಗೆಮನೆಯ ಎರಡೂ ಕಿಟಕಿ ತೆರೆದಳು. ಚಳಿ ಒಳಗೆ ನುಗ್ಗಿತು, ನುಗ್ಗಲಿ. ಸೋಪಿನ ನೊರೆ ಮಾಡಿ ಗ್ಯಾಸಿನ ಪೈಪಿನ ಸಂದುಗಳಿಗೆಲ್ಲ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದಳು. ಏಳಲಿಲ್ಲ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಳು. ಒಲೆಯ ಕಿವಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದಳು. ಮೊದಲು ಕಡ್ಡಿ ಗೀರಿ, ಅದು ಚೆನ್ನಾಗಿ ಹತ್ತಿದ ಮೇಲೆ ಒಲೆಯ ಕಿವಿ ತಿರುಗಿಸಿದಳು. ನೀಲಿ ಉರಿ ಸುತ್ತ ಕೂತಿತು. ಅವಳು ಉಸಿರು ಬಿಟ್ಟಳು.

ಕೋಳಿಯನ್ನು ತಣ್ಣೀರಿಗೆ ಹಾಕಿ ಉರಿ ಸಣ್ಣ ಮಾಡಿದಳು. ನೊರೆ ಮೇಲೆ ಬಂದಂತೆ ಸೌಟಿನಿಂದ ತೆಗೆದಳು. ಎದ್ದು ಹೋಗುವ ಮಾತೇ ಇರಲಿಲ್ಲ. ಸ್ಟೂಲನ್ನು ಒಲೆಯ ಪಕ್ಕಕ್ಕೇ ಎಳೆದುಕೊಂಡು ಕೂತಿದ್ದಳು. ಇನ್ನೊಂದು ಒಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹುರಿಯಲು ಇಟ್ಟಾಗ ಎಷ್ಟಕ್ಕೆ ಇಳಿಸಬೇಕು ಎಂಬುದೇ ಚಿಂತೆಯಾಯಿತು. ಮುಂಚೆಯಾದರೆ ಮೂಗೇ ಹೇಳುತ್ತಿತ್ತು. ಈಗ ಅವಳು ಬಗ್ಗಿ ಕಿವಿಗೊಟ್ಟಳು. ಈರುಳ್ಳಿಯಲ್ಲಿ ನೀರಿರುವ ತನಕ ಬಾಣಲೆ ಚುರುಚುರು ಗಲಾಟೆ ಮಾಡಿತು. ಆಮೇಲೆ ಸದ್ದು ಸಣ್ಣಗಾಗುತ್ತ ಬಂತು, ಏರು ಮುಗಿದು ಗಾಡಿ ಸಮಕ್ಕೆ ಬಂದಾಗ ಎಂಜಿನ್ನು ಹಗುರಾಗುವ ಹಾಗೆ. ಅಂಚು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಿನಿಂದಲೂ ನೋಡಿ, ಎತ್ತಿ ಸೂಪಿನ ಪಾತ್ರೆಗೆ ಸುರಿದಳು. ಇಷ್ಟು ವರ್ಷ ಮಾಡಿದ್ದರೂ ಈರುಳ್ಳಿ ಹೀಗೆ ಮಾತಾಡುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅಕ್ಕ."

ಬಾಗಿಲಲ್ಲಿ ವಾರಗಿತ್ತಿ ನಿಂತಿದ್ದಳು. ತಲೆಯ ಮೇಲಿಂದ ಶಾಲು, ಕೆಂಡದಂಥ ಕಣ್ಣು, ಗೋಡೆಗೆ ಕೈಯೂರಿ ನಡುಗುತ್ತಿದ್ದಳು. "ಪಾತ್ರೆ ಸದ್ದು ಕೇಳಿಸ್ತು. ಅಕ್ಕ, ಗ್ಯಾಸು... ನೀವು ಒಬ್ಬರೇ..."

"ಕಿಟಕಿ ತೆಗೆದಿದ್ದೀನಿ. ಪೈಪು ನೋಡಿದ್ದೀನಿ. ಕೂತ ಜಾಗದಿಂದ ಎದ್ದಿಲ್ಲ. ನೀನು ಹೋಗಿ ಮಲಗು."

"ನಾನು ಬೇಕಾದರೆ ಇಲ್ಲೇ ಕೂತು ವಾಸನೆ..." ಎಂದವಳು ಮೂಗೆಳೆಯಲು ಹೋಗಿ, ಎಳೆಯಲಾಗದೆ, ಅಲ್ಲಿಗೇ ನಿಂತಳು. ಕಟ್ಟಿದ ಮೂಗಿನಿಂದ ಒಂದು ಸಣ್ಣ ಸೀಟಿ ಮಾತ್ರ ಹೊರಟಿತು.

ಬಸ್ಸಕ್ಕ ಅವಳನ್ನು ನೋಡಿದಳು. "ಸರಿಹೋಯ್ತು. ಕುರುಡಿ ಕೈಗೆ ಇನ್ನೊಬ್ಬಳು ಕುರುಡಿ ದೀಪ ಕೊಟ್ಟ ಹಾಗೆ."

ಇಬ್ಬರಿಗೂ ನಗು ಬಂತು. ವಾರಗಿತ್ತಿಗೆ ನಗುವಿನ ಜೊತೆ ಕೆಮ್ಮೂ ಬಂದು, ಬಸ್ಸಕ್ಕನೇ ಎದ್ದು ಬೆನ್ನು ನೀವಬೇಕಾಯಿತು. ಕೆಮ್ಮು ನಿಂತ ಮೇಲೆ ಅವಳು ಮೆಲ್ಲಗೆ, "ವಾಸನೆ ಇಲ್ಲದಿದ್ದರೆ ಹೀಗಿರುತ್ತಾ ಅಕ್ಕ? ಬೆಳಿಗ್ಗೆ ಟೀ ಕುಡಿದೆ. ಏನೂ ಇಲ್ಲ. ಅಳು ಬಂದುಬಿಡ್ತು" ಎಂದಳು.

"ನಿಂದು ನಾಲ್ಕು ದಿನಕ್ಕೆ ಬಿಡುತ್ತೆ."

"ನೀವು ಒಂದು ವರ್ಷ ಹೀಗೇ ಇದ್ರಾ?"

ಬಸ್ಸಕ್ಕ ಬಾರ್ಲಿ ತೊಳೆದು ಪಾತ್ರೆಗೆ ಹಾಕಿದಳು. ವಾರಗಿತ್ತಿ ಹೋಗಿ ಮಲಗಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆಯೇ ಶಾಲು ಹೊದ್ದು ಕೂತಳು. ಕೋಳಿ ಮೆತ್ತಗಾಗಲು ಬಹಳ ಹೊತ್ತು ಹಿಡಿಯಿತು. ಹಳೇ ಕೋಳಿ, ಅಷ್ಟು ಸುಲಭಕ್ಕೆ ಸೋಲುವಂಥದ್ದಲ್ಲ. ಕಾಲು ಮೂಳೆಯಿಂದ ಮಾಂಸ ತಾನಾಗಿ ಜಾರಿದಾಗ ಅದನ್ನು ಹೊರಗೆ ತೆಗೆದು, ಬಿಡಿಸಿ, ಮೂಳೆಯನ್ನು ಮತ್ತೆ ಪಾತ್ರೆಗೇ ಹಾಕಿದಳು. ಕ್ಯಾರೆಟ್ಟು, ಆಲೂಗಡ್ಡೆ ಹೋದವು. ಅವು ಬೆಂದ ಮೇಲೆ ಎಲೆಕೋಸು, ಜಜ್ಜಿದ ಮೆಣಸು, ಬಿಡಿಸಿಟ್ಟ ಮಾಂಸ. ಮೇಲೆ ಕೊಬ್ಬಿನ ಹಳದಿ ಕಣ್ಣುಗಳು ಒಂದೊಂದಾಗಿ ತೇಲಿದವು.

ಈಗ ಉಪ್ಪು. ಅತ್ತೆ ಕಲಿಸಿದ ಅಳತೆಯಷ್ಟೇ ಹಾಕಿ ಕಲಕಿದಳು.

ಅವಳು ಸೌಟಿನ ತುದಿಯಿಂದ ನಾಲಗೆಗೆ ಹನಿಸಿಕೊಂಡಳು. ಬಿಸಿ. ನುಣುಪು. ಉಪ್ಪು, ಹದವಾಗಿಯೇ. ಮತ್ತೆ ಅದೇ ಖಾಲಿ. ಬೀದಿ ಇದೆ, ಮನೆಗಳಿವೆ, ಒಂದು ಮನೆಯಲ್ಲೂ ಜನ ಇಲ್ಲ ಅನ್ನುವ ಹಾಗೆ. ಕಡಿಮೆಯಾಗಿದೆ, ಇನ್ನೊಂದು ಚಿಟಿಕೆ ಬೇಕು ಎಂದು ಒಳಗಿನಿಂದ ಯಾರೋ ಹೇಳಿದರು. ಕೈ ಉಪ್ಪಿನ ಡಬ್ಬಿಗೆ ಹೋಯಿತು. ಡಬ್ಬಿಯನ್ನು ಹಿಡಿದುಕೊಂಡೇ ಅವಳು ನಿಂತಳು. ಹೋದ ಸಲವೂ ಹೀಗೆಯೇ ಆಗಿತ್ತಲ್ಲ. ಕಳೆದುಹೋದದ್ದು ಪರಿಮಳ, ಅವಳು ಹುಡುಕಿದ್ದು ಉಪ್ಪಿನಲ್ಲಿ. ಮನೆಯಲ್ಲಿ ಕಳೆದದ್ದನ್ನು ಸಂತೆಯಲ್ಲಿ ಹುಡುಕಿದರೆ ಸಿಕ್ಕೀತೇ? ಉಪ್ಪು ಎಷ್ಟಿದೆ ಎಂದು ನಾಲಗೆ ಸರಿಯಾಗಿಯೇ ಹೇಳುತ್ತಿತ್ತು. ಅದರ ಮಾತು ಅವಳೇ ಕೇಳಿರಲಿಲ್ಲ.

ಅವಳು ಡಬ್ಬಿಯ ಮುಚ್ಚಳ ಬಿಗಿದು ವಾರಗಿತ್ತಿಯ ಮಡಿಲಿಗೆ ಇಟ್ಟಳು. "ಇದನ್ನ ತಗೊಂಡು ಹೋಗಿ ನಿನ್ನ ದಿಂಬಿನ ಕೆಳಗೆ ಇಟ್ಕೋ. ನಾನು ಬಂದು ಕೇಳಿದರೂ ಕೊಡಬೇಡ. ಕಾಲು ಹಿಡಿದರೂ ಕೊಡಬೇಡ."

ವಾರಗಿತ್ತಿ ಡಬ್ಬಿಯನ್ನು ಶಾಲಿನೊಳಗೆ ಮಗುವಿನ ಹಾಗೆ ಅವುಚಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಮುಂದಿನ ಬಾಗಿಲು ಬಡಿದ ಸದ್ದಾಯಿತು. ಒಲೆ ಆರಿಸಿ ಹೋಗಿ ತೆರೆದರೆ ಮೇಲಿನ ಮನೆಯ ಟೈಲರು. ಕೊರಳಲ್ಲಿ ಟೇಪು, ಕೈಯಲ್ಲಿ ಸೂಜಿ ಹಾಗೇ ಇತ್ತು.

"ಏನಮ್ಮ ಮಾಡ್ತಿದ್ದೀರ ನೀವು? ದಾರ ಒದ್ದೆ ಮಾಡಿ ಸೂಜಿಗೆ ಪೋಣಿಸೋಣ ಅಂತ ಬಾಯಿಗಿಟ್ಟರೆ, ಬಾಯಿ ತುಂಬ ನೀರು. ದಾರ ಸ್ನಾನ ಮಾಡಿಬಿಡ್ತು."

ಬಸ್ಸಕ್ಕ ಬಾಗಿಲು ಹಿಡಿದುಕೊಂಡಳು. "ವಾಸನೆ ಮೇಲೆ ತನಕ ಬರ್ತಿದೆಯಾ?"

"ಮೇಲೆ ತನಕವಾ? ಬೀದಿ ತಿರುವಿನ ತನಕ ಹೋಗಿರುತ್ತೆ."

"ಸೀದ ವಾಸನೆ ಏನಾದರೂ ಇದೆಯಾ? ನಿಜ ಹೇಳಿ. ನನಗೆ ಗೊತ್ತಾಗಲ್ಲ. ಹೇಗಿದೆ ಅಂತ ಬಿಡಿಸಿ ಹೇಳಿ."

ಟೈಲರು ಅವಳ ಮುಖ ನೋಡಿದರು. ತಮಾಷೆ ಬಿಟ್ಟರು. ಕಣ್ಣು ಮುಚ್ಚಿ, ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ಮೂಗೆಳೆದರು. "ಸೀದಿಲ್ಲ. ಮೊದಲು ಮೆಣಸು ಬರುತ್ತೆ, ಚುರುಕಾಗಿ. ಅದರ ಹಿಂದೆ ಹುರಿದ ಈರುಳ್ಳಿ, ಹದವಾಗಿ ಕೆಂಪಾಗಿರೋದು. ಆಮೇಲೆ ಕೋಳಿ. ಅದು ಹೇಗೆ ಹೇಳೋದು, ಚಳೀಲಿ ಯಾರೋ ಬಂದು ಹೊದಿಕೆ ಹೊದಿಸಿದ ಹಾಗೆ. ತಳದಲ್ಲಿ ಕ್ಯಾರೆಟ್ಟಿನ ಸಿಹಿ ಇದೆ. ನಮ್ಮಮ್ಮ ಹೋದ ಮೇಲೆ ಇಂಥದ್ದು ಕುಡಿದಿರೋದು ನಿಮ್ಮನೇಲೇ. ನೀವು ಮಾಡೋದು ಯಾಕೆ ನಿಲ್ಲಿಸಿದ್ರಿ ಅಂತ ಕೇಳೋಣ ಅಂದ್ಕೊಂಡಿದ್ದೆ, ಧೈರ್ಯ ಬರಲಿಲ್ಲ."

ದೂರದ ತವರಿನಿಂದ ಬಂದವರ ಬಾಯಲ್ಲಿ ಮನೆಯ ಸುದ್ದಿ ಕೇಳುವ ಹಾಗೆ ಅವಳು ಕೇಳಿದಳು. ಎಲ್ಲರೂ ಚೆನ್ನಾಗಿದ್ದಾರೆ, ಯಾರೂ ಎಲ್ಲಿಗೂ ಹೋಗಿಲ್ಲ. ಅವಳ ಕಣ್ಣು ತುಂಬಿತು. "ಬಟ್ಟಲು ತಂದಿದ್ದೀರಾ?" ಎಂದಷ್ಟೇ ಕೇಳಿದಳು.

"ಸೂಜಿ ತಂದಿದ್ದೀನಿ. ಬಟ್ಟಲಿಗೆ ಈಗ ಹೋಗ್ತೀನಿ."

ಅವಳು ಅಡುಗೆಮನೆಗೆ ತಿರುಗುವಾಗ ಅತ್ತೆಯ ಕೋಣೆಯಿಂದ ಮಂಚ ಕಿರುಗುಟ್ಟಿತು. ಬಾಗಿಲಿನಿಂದ ಇಣುಕಿದಳು. ಎರಡು ದಿನದಿಂದ ಗೋಡೆಯ ಕಡೆ ಇದ್ದ ಮುಖ ಈಚೆ ತಿರುಗಿತ್ತು. ಅತ್ತೆ ಮೊಣಕೈಯೂರಿ ತಲೆ ಎತ್ತಿದ್ದರು.

"ಯಾರದು ಒಲೆ ಹತ್ತಿರ?"

"ನಾನೇ, ಅತ್ತೆ."

"ನೀನೇ ಅಂತ ಗೊತ್ತು. ಆ ಚಿಕ್ಕದಕ್ಕೆ ಈರುಳ್ಳಿ ಹುರಿಯೋಕೆ ಎಲ್ಲಿ ಬರುತ್ತೆ." ಪಕ್ಕದ ಕೋಣೆಯಿಂದ, "ನನಗೆ ಕೇಳಿಸ್ತಿದೆ ಅತ್ತೆ" ಎಂಬ ಕಟ್ಟಿದ ಮೂಗಿನ ದನಿ ಬಂತು. ಅತ್ತೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ತರೋದಾದರೆ ತಾ. ವಾಸನೆ ಕುಡಿದೇ ಹೊಟ್ಟೆ ತುಂಬಿಸ್ಕೋಬೇಕಾ?"

ಬಸ್ಸಕ್ಕ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬಟ್ಟಲು ತಂದು, ಊದಿ ಊದಿ ಚಮಚ ಬಾಯಿಗಿಟ್ಟಳು. ಅತ್ತೆ ಅದನ್ನು ಬಾಯಲ್ಲೇ ಇಟ್ಟುಕೊಂಡರು. ನುಂಗಿದರು. ಬಾಯಿ ಮತ್ತೆ ತೆರೆಯಿತು. ಇನ್ನೊಂದು ಚಮಚ, ಮತ್ತೊಂದು. ಅರ್ಧ ಬಟ್ಟಲಾದ ಮೇಲೆ ಆ ಕೈ ಮೇಲೆದ್ದಿತು, ಚಮಚವನ್ನು ಸೊಸೆಯಿಂದ ಕಿತ್ತುಕೊಂಡಿತು. "ನೀನು ಬಸ್ಸು ಓಡಿಸೋ ಹಾಗೆ ನಿಲ್ಲಿಸಿ ನಿಲ್ಲಿಸಿ ಕೊಡ್ತೀಯ. ಕೊಡು ಇಲ್ಲಿ."

ಬಟ್ಟಲು ಬರಿದಾಯಿತು. ಅತ್ತೆ ತಳದ ಬಾರ್ಲಿಯನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡು, "ಕ್ಯಾರೆಟ್ಟು ಇನ್ನೂ ದಪ್ಪ ಹೆಚ್ಚಬೇಕಿತ್ತು" ಎಂದರು.

ಅತ್ತೆ ತಪ್ಪು ಹುಡುಕಿದರು ಎಂದರೆ ಅತ್ತೆ ಬದುಕಿದರು ಎಂದೇ ಅರ್ಥ. ಬಸ್ಸಕ್ಕ ಬಟ್ಟಲು ಹಿಡಿದು ಅಡುಗೆಮನೆಗೆ ಬಂದು, ಗೋಡೆಗೆ ಹಣೆ ಒತ್ತಿ ಒಂದು ಗಳಿಗೆ ನಿಂತಳು. ಹಿಂದಿನಿಂದ, "ಇನ್ನೊಂದು ಬಟ್ಟಲು ಅಂದೆ, ಕೇಳಿಸ್ತಾ?" ಎಂಬ ಕೂಗು ಬಂತು.

ಮನೆಯವರೆಲ್ಲ ಕುಡಿದರು. ಮೂಗು ಕಟ್ಟಿದ ಗಂಡ ಮತ್ತು ಮೈದುನ, "ರುಚಿ ಗೊತ್ತಾಗ್ತಿಲ್ಲ, ಆದರೆ ನಿಲ್ಲಿಸೋಕೆ ಆಗ್ತಿಲ್ಲ" ಎನ್ನುತ್ತ ಬೆವರು ಒರೆಸಿಕೊಂಡರು. ಗಂಡ ಬಟ್ಟಲು ಕೆಳಗಿಟ್ಟು, "ಎದ್ದ ಮೇಲೆ ಮೊದಲ ಕೆಲಸ, ಗ್ಯಾಸ್ ಸೋರಿದರೆ ಕೂಗೋ ಯಂತ್ರ ತಂದು ಒಲೆ ಹತ್ತಿರ ಗೋಡೆಗೆ ಹೊಡೀತೀನಿ. ಮೊದಲೇ ಮಾಡಬೇಕಿತ್ತು. ಸೋರೋ ಗ್ಯಾಸ್ ಬಂದ್ ಮಾಡೋದು ಬಿಟ್ಟು ನಿನ್ನನ್ನ ಬಂದ್ ಮಾಡಿದ್ವಿ" ಎಂದ. ಬೀಗದವನಿಗೆ ಕೊನೆಗೂ ಸರಿಯಾದ ಕೀಲಿ ಸಿಕ್ಕಿತ್ತು.

"ಈಗಲಾದರೂ ಹೊಳೀತಲ್ಲ" ಎಂದಳು ಅವಳು. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ಲಾರಿಯವರನ್ನು ಗದರಿಸುವ ಖಾರ ಇತ್ತು. ಗಂಡನಿಗೆ ಅದನ್ನು ಕೇಳಿಯೇ ಅರ್ಧ ಜ್ವರ ಬಿಟ್ಟಿತು.

ಯಂತ್ರ ಬಂತು. ಅತ್ತೆ ಎದ್ದು ಓಡಾಡಿದರು. ಎಲ್ಲರ ಮೂಗೂ ಬಿಟ್ಟಿತು, ಬಸ್ಸಕ್ಕನದು ಬಿಡಲಿಲ್ಲ. ಅದರ ದಾರಿ ಕಾಯುವುದನ್ನು ಅವಳೂ ಬಿಟ್ಟಳು. ಒಂದು ರಜೆಯ ದಿನ ಅವಳೇ ನಾದಿನಿಗೆ ಫೋನು ಮಾಡಿ, "ನಿಮ್ಮ ಅತ್ತೆ ಮಾವನನ್ನ ಊಟಕ್ಕೆ ಕರ್ಕೊಂಡು ಬಾ. ಸೂಪು ನಾನೇ ಮಾಡ್ತೀನಿ" ಎಂದಳು.

"ನೀವೇನಾ ಅತ್ತಿಗೆ?"

"ನಾನೇ. ನಿಮ್ಮ ಮಾವನಿಗೆ ಹೇಳು, ಈ ಸಲ ಕಿಟಕಿ ನೋಡೋ ಪ್ರಸಂಗ ಬರಲ್ಲ."

ಅಂದು ಅಡುಗೆಮನೆಯಲ್ಲಿ ಇಬ್ಬರೂ ಇದ್ದರು. ವಾರಗಿತ್ತಿ ತರಕಾರಿ ಹೆಚ್ಚಿದಳು, ಕ್ಯಾರೆಟ್ಟನ್ನು ಅತ್ತೆಯ ಅಪ್ಪಣೆಯಂತೆ ದಪ್ಪಗೆ. ಈರುಳ್ಳಿ ಹುರಿಯುವಾಗ ಬಸ್ಸಕ್ಕ ಅವಳನ್ನು ಹತ್ತಿರ ಕರೆದು, "ಮೂಗು ಹಿಡ್ಕೊಂಡು ಕೇಳು" ಎಂದಳು. ಅವಳು ಮೂಗು ಹಿಡಿದು, ಕಣ್ಣು ಮುಚ್ಚಿ ಕೇಳಿದಳು. ಸದ್ದು ಬದಲಾದ ಕ್ಷಣಕ್ಕೆ "ಈಗ" ಎಂದಳು. ಬಸ್ಸಕ್ಕ ಬಾಣಲೆ ಇಳಿಸಿದಳು.

ನಾದಿನಿಯ ಮಾವ ಮೊದಲ ಚಮಚವನ್ನು ತುಟಿಗೆ ತಾಗಿಸಿದರು. ಅನುಭವಸ್ಥರು, ಬರೀ ತುದಿ. ನಾದಿನಿ ಉಸಿರು ಹಿಡಿದು ಕೂತಿದ್ದಳು. ಮಾವ ಎರಡನೇ ಚಮಚ ತುಂಬಿಸಿಕೊಂಡರು. ಮೂರನೆಯದಕ್ಕೆ ಚಮಚ ಬಿಟ್ಟು ಬಟ್ಟಲನ್ನೇ ಎತ್ತಿದರು. ಬಟ್ಟಲು ಕೆಳಗೆ ಬಂದಾಗ ಮೀಸೆಗೆ ಕೊಬ್ಬು ಹತ್ತಿ ಹೊಳೆಯುತ್ತಿತ್ತು. "ಅಮ್ಮ, ಆಗ ಏನಾಗಿತ್ತು ನಿಮಗೆ?" ಎಂದು ಕೇಳಿದರು.

"ಆಗ ಉಪ್ಪಿನ ಡಬ್ಬಿ ನನ್ನ ಕೈಲಿತ್ತು" ಎಂದು ಬಸ್ಸಕ್ಕ ಅವರ ಬಟ್ಟಲನ್ನು ಮತ್ತೆ ತುಂಬಿದಳು.

ಟೈಲರು ಇಳಿದು ಬಂದರು, ಅವರ ಹಿಂದೆ ಎದುರು ಮನೆಯವರು. ಬಾಗಿಲು ಮುಚ್ಚಲು ಬಿಡುವೇ ಆಗಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಅವಳು ಕೂತಾಗ ಪಾತ್ರೆಯಲ್ಲಿ ಉಳಿದಿದ್ದದ್ದು ಕೋಳಿಯ ಕತ್ತು, ಎರಡು ಹೋಳು ಆಲೂಗಡ್ಡೆ, ತಳದ ಮಂದ ರಸ. ವಾರಗಿತ್ತಿ ಅದನ್ನು ಕಂಡು, "ಅಯ್ಯೋ ಅಕ್ಕ, ನಿಮಗೇ ಇಲ್ಲವಲ್ಲ" ಎಂದಳು.

"ಸಾಕು ಬಿಡೇ, ಪಾತ್ರೆ ಖಾಲಿಯಾಗಲಿ ಅಂತಾನೇ ಮಾಡಿದ್ದು."

ಅವಳು ಕತ್ತನ್ನು ಕೈಗೆತ್ತಿಕೊಂಡು ಚೀಪತೊಡಗಿದಳು. ಬೆಚ್ಚಗಿತ್ತು, ಉಪ್ಪು ಹದವಾಗಿತ್ತು, ಬಾರ್ಲಿ ಹಲ್ಲಿಗೆ ಮೆತ್ತಗೆ ಸಿಗುತ್ತಿತ್ತು. ಹೊರಗಿನ ಕೋಣೆಯಲ್ಲಿ ಅತ್ತೆ ಬೀಗರಿಗೆ, "ನಾನೇ ಕಲಿಸಿದ್ದು. ಆದರೆ ನನಗಿಂತ ಚೆನ್ನಾಗಿ ಮಾಡ್ತಾಳೆ, ಅವಳಿಗೆ ಹೇಳಬೇಡಿ" ಎಂದು ಇಡೀ ಬೀದಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.